ಎರೆಭೂಮಿಯ ವಯಸ್ಸು

ವಿಜಯಪುರದಿಂದ ಬಬಲೇಶ್ವರದ ಕಡೆಗೆ ಹೊರಟವರು ಸಾರವಾಡದ ಬಳಿ ಡೋಣಿ ನದಿಯನ್ನು ದಾಟುತ್ತಾರೆ. ಇಕ್ಕೆಲಗಳ ಎರೆಹೊಲಗಳು ಬೇಸಿಗೆಯಲ್ಲಿ ಆಳವಾಗಿ ಬಿರಿಯುತ್ತವೆ. ತಿಕೋಟಾ ಸೀಮೆಯಲ್ಲಿಯೂ ಇಂಥ ಎರೆ ಉಂಟು. ಅಲ್ಲಿ ಬಾವಿ ತೋಡುವಾಗ ಹಳೆಯ ತಳಪಾಯವೋ ಭಗ್ನ ವಿಗ್ರಹವೋ ದೊರೆತರೆ, ಅದರ ಕೆಳಗಿನ ಮಣ್ಣನ್ನು ಪರೀಕ್ಷಿಸಿ ಕಾಲವನ್ನು ನಿರ್ಣಯಿಸಬಹುದಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಅಷ್ಟು ಸರಳವಲ್ಲ.

ಈ ಎರೆಗೆ ಮೂಲವಾದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾರಸದಿಂದ ಹುಟ್ಟಿದ್ದು. ಇಂಗಾಲದ ಪರೀಕ್ಷೆ ಅಳೆಯುವುದು ಆ ಕಲ್ಲಿನ ವಯಸ್ಸನ್ನಲ್ಲ. ಸಸ್ಯವು ಬದುಕಿರುವವರೆಗೆ ಗಾಳಿಯಿಂದ ಇಂಗಾಲ-14 ಅನ್ನು ಪಡೆಯುತ್ತದೆ. ಸತ್ತ ಮೇಲೆ ಉಳಿದದ್ದು ಸುಮಾರು 5730 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. ಈ ವಿಧಾನವನ್ನು ರೂಪಿಸಿದ ಷಿಕಾಗೋದ ವಿಲ್ಲರ್ಡ್ ಲಿಬ್ಬಿಯವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಆದರೆ ಮಣ್ಣು ಒಂದೇ ದಿನ ಸತ್ತ ವಸ್ತುವಲ್ಲ. ವರ್ಷವರ್ಷವೂ ಬೇರು, ಕೂಳೆ, ಗೊಬ್ಬರ ಅದನ್ನು ಸೇರುತ್ತವೆ. ಕೆಲವು ಬೇಗ ಕೊಳೆತು ಹೋಗುತ್ತವೆ. ಕೆಲವು ಜೇಡಿಯ ಕಣಗಳಿಗೆ ಅಂಟಿ ನೂರಾರು, ಸಾವಿರಾರು ವರ್ಷ ಉಳಿಯುತ್ತವೆ. ಆದ್ದರಿಂದ ದೊರೆಯುವ ಅಂಕಿ ಹಲವು ವಯಸ್ಸುಗಳ ಸರಾಸರಿ. ಎರೆಯಲ್ಲಿ ತೊಡಕು ಇನ್ನೂ ಹೆಚ್ಚು. ಇಂದಿನ ಕಸಕಡ್ಡಿ ಬಿರುಕಿನಲ್ಲಿ ಆಳಕ್ಕೆ ಬೀಳುತ್ತದೆ. ಮಳೆ ಬಂದಾಗ ಮಣ್ಣು ಉಬ್ಬಿ ಬಾಯಿ ಮುಚ್ಚುತ್ತದೆ, ಕೆಳಗಿನದು ಮೇಲಕ್ಕೆ ಒತ್ತಲ್ಪಡುತ್ತದೆ. ಎರೆಯೊಳಗಿನ ಸುಣ್ಣದ ಹರಳುಗಳ ಇಂಗಾಲ ಬೇರೆಯೇ ಮೂಲದ್ದು. ಅದನ್ನು ಆಮ್ಲದಿಂದ ತೊಳೆದು ತೆಗೆಯದಿದ್ದರೆ ಲೆಕ್ಕ ತಪ್ಪುತ್ತದೆ. 1950–60ರ ದಶಕಗಳ ಅಣುಸ್ಫೋಟಗಳಿಂದ ವಾತಾವರಣದ ಇಂಗಾಲ-14 ಹೆಚ್ಚುಕಡಿಮೆ ಇಮ್ಮಡಿಯಾಯಿತು; ಆಮೇಲಿನ ಬೇರುಗಳು ಬೆರೆತರೆ ಮಣ್ಣು ತನ್ನ ವಯಸ್ಸಿಗಿಂತ ಎಳೆಯದಾಗಿ ಕಾಣುತ್ತದೆ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಹೊಸ ಸಂಗತಿಯಲ್ಲ. 1997ರವರೆಗೆ ಅವಿಭಜಿತ ವಿಜಯಪುರ ಜಿಲ್ಲೆಗೆ ಸೇರಿದ್ದ ಐಹೊಳೆಯಲ್ಲಿ, ಮೇಗುತಿ ಜಿನಾಲಯದ ರವಿಕೀರ್ತಿಯ ಶಾಸನ ತನ್ನ ಕಾಲವನ್ನು ತಾನೇ ಹೇಳುತ್ತದೆ: ಶಕವರ್ಷ 556, ಅಂದರೆ ಕ್ರಿ.ಶ. 634. ಆದರೆ ಹಲವು ಕೈಗಳು ಪ್ರತಿ ಮಾಡಿದ, ಪ್ರಕ್ಷಿಪ್ತಗಳು ಸೇರಿದ ಓಲೆಗರಿಗೆ ಅಂಥ ಒಂದೇ ಕಾಲವಿಲ್ಲ. ಎರೆಮಣ್ಣು ಈ ಓಲೆಗರಿಯಂತೆ.

ಹಾಗಾದರೆ ಮಣ್ಣಿನಲ್ಲಿ ಶಾಸನಕ್ಕೆ ಸಮಾನವಾದುದು ಯಾವುದು? ಸುಟ್ಟು ಕರಿಯಾದ ಕಾಳು. ಅದು ಒಂದೇ ಸುಗ್ಗಿಯದು. ಬಳ್ಳಾರಿಯ ಸಂಗನಕಲ್ಲಿನಲ್ಲಿ ಹುರುಳಿ, ಹೆಸರು, ಕೊರಲೆಗಳ ಕರಿಕಾಳುಗಳು ದೊರೆತಿವೆ. ಧಾರವಾಡದ ರವಿ ಕೋರಿಶೆಟ್ಟರ್ ಅವರು ಡೋರಿಯನ್ ಫುಲ್ಲರ್, ನಿಕೋಲ್ ಬೊಯಿವಿನ್ ಅವರೊಡನೆ 2007ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ನವಶಿಲಾಯುಗದ ಕಾಲನಿರ್ಣಯಕ್ಕೆ ಇಂಥ ಕಾಳುಗಳು ಆಧಾರವಾದವು. ಕಟ್ಟಿಗೆಯ ಇದ್ದಿಲೂ ಉಪಯುಕ್ತವೇ. ಆದರೆ ಮುದಿ ಮರದ ತಿರುಳು ಒಲೆಯ ಬೆಂಕಿಗಿಂತ ನೂರಾರು ವರ್ಷ ಹಳೆಯದಾಗಿರಬಹುದು.

ಆದ್ದರಿಂದ ವಿಗ್ರಹ ದೊರೆತ ದಿನ ಅವಸರಪಟ್ಟು ಸುತ್ತಲಿನ ಮಣ್ಣನ್ನು ತೋಡಿ ಎಸೆಯಬಾರದು. ಅದರ ಪದರಗಳಲ್ಲಿ ಒಂದು ಕರಿಕಾಳು ಅಡಗಿರಬಹುದು. ಪ್ರಾಚೀನತೆಯ ಹಂಬಲಕ್ಕಾಗಿ ಸರಾಸರಿಯನ್ನು ಜನ್ಮದಿನವೆಂದು ಸಾರುವುದು ಇತಿಹಾಸವಲ್ಲ. ಆ ಕಾಳಿಗಾಗಿ ತಾಳ್ಮೆಯಿಂದ ಜರಡಿ ಹಿಡಿಯುವುದೇ ಇತಿಹಾಸ.