ಬೇಲಿ ಇಕ್ಕಳದ ಕತೆ

ತೋಟದ ಬೇಲಿ ರಿಪೇರಿಗೆ ಒಂದು ಒಳ್ಳೆ ಮಲ್ಟಿಟೂಲ್ ಬೇಕು ಅಂತ ಸುಮಾರು ದಿನಗಳಿಂದ ಹುಡುಕುತ್ತಿದ್ದೆ. ಜೇಬಲ್ಲಿಡುವಂಥವು ಬೇಕಾದಷ್ಟಿವೆ. ಅವುಗಳಿಗೆಲ್ಲ ದಾರಿ ತೋರಿಸಿದ್ದು ಅಮೆರಿಕದ ಟಿಮ್ ಲೆದರ್‌ಮನ್. 1975ರಲ್ಲಿ ಹಳೇ ಕಾರಲ್ಲಿ ಯುರೋಪ್ ಸುತ್ತುವಾಗ, ಜೇಬಿನ ಚಾಕುವಿನ ಜೊತೆ ಒಂದು ಇಕ್ಕಳವೂ ಇದ್ದಿದ್ದರೆ ಅಂತ ಅವನಿಗೆ ಅನ್ನಿಸಿತು. 1980ರಲ್ಲಿ ಪೇಟೆಂಟ್ ಸಿಕ್ಕಿತು, 1983ರಲ್ಲಿ ಮಾರಾಟ ಶುರುವಾಯಿತು. ಅದರಲ್ಲಿ ಗಟ್ಟಿ ತಂತಿ ಕತ್ತರಿಸಲು ಕೀಲಿನ ಪಕ್ಕದಲ್ಲೇ ಒಂದು ಕಚ್ಚು ಇತ್ತು. ಕೀಲಿಗೆ ಹತ್ತಿರವಾದಷ್ಟೂ ಹಿಡಿತದ ಬಲ ಹೆಚ್ಚು, ಅಡಕತ್ತರಿ ಹಿಡಿದವರಿಗೆಲ್ಲ ಗೊತ್ತಿರೋ ವಿಷಯ.

ಆದರೆ ಅದು ಪ್ರಯಾಣಿಕನ ಸಾಮಾನು. ನನಗೆ ತಂತಿ ಕತ್ತರಿಸಿದರೆ ಸಾಲದು, ಎಳೆದು ಬಿಗಿಯಬೇಕು, ಕಂಬದಿಂದ ಯು ಮೊಳೆ ಕೀಳಬೇಕು, ಮತ್ತೆ ಹೊಡೆಯಬೇಕು. ಇಷ್ಟನ್ನೂ ಮಾಡುವ ಒಂದು ಸಾಮಾನು ಲೆದರ್‌ಮನ್ ಹುಟ್ಟುವ ಮೊದಲೇ ಇತ್ತು: ಬೇಲಿ ಇಕ್ಕಳ. ಒಂದು ಕಡೆ ಸುತ್ತಿಗೆ, ಇನ್ನೊಂದು ಕಡೆ ಕೊಕ್ಕು, ಪಕ್ಕದಲ್ಲಿ ತಂತಿ ಕತ್ತರಿಸುವ ಕಚ್ಚು, ನಡುವೆ ತಂತಿ ಹಿಡಿಯುವ ಹಲ್ಲು. ನಾನು ಕೊಂಡಿದ್ದು ಇದನ್ನೇ.

ಇದನ್ನು ಬೆಳೆಸಿದ್ದು ಮುಳ್ಳುತಂತಿ. ಇಲಿನಾಯ್‌ನ ಡಿಕಾಲ್ಬ್ ಊರಿನ ರೈತ ಜೋಸೆಫ್ ಗ್ಲಿಡನ್ 1874ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮೊದಮೊದಲು ಮುಳ್ಳುಗಳನ್ನು ತಿರುಚಲು ಬಳಸಿದ್ದು ಕಾಫಿ ಬೀಜ ಪುಡಿ ಮಾಡುವ ಕೈಯಂತ್ರವನ್ನಂತೆ! ಮರ ಕಡಿಮೆಯಿದ್ದ ಬಯಲುಸೀಮೆಯಲ್ಲಿ ಇದರ ಬೇಲಿ ಬಲುಬೇಗ ಹಬ್ಬಿತು.

ಟೆಕ್ಸಾಸ್‌ನಲ್ಲಿ ಅಲ್ಲಿಯವರೆಗೆ ದನಗಳು ಬಯಲಲ್ಲಿ ಬೇಕಾದ ಕಡೆ ಮೇಯುತ್ತಿದ್ದವು. ದೊಡ್ಡ ಜಮೀನ್ದಾರರು ತಮ್ಮ ನೆಲದ ಜೊತೆಗೆ ಸರ್ಕಾರಿ ಜಾಗಕ್ಕೂ ಬೇಲಿ ಹಾಕಿದರು. ಕೆಲವು ಕಡೆ ರಸ್ತೆಯೇ ಮುಚ್ಚಿಹೋಯಿತು. 1883ರಲ್ಲಿ ಬರ ಬಂತು. ಜಮೀನಿಲ್ಲದ ದನಗಾಹಿಗಳಿಗೆ ಹುಲ್ಲೂ ಇಲ್ಲ, ನೀರೂ ಇಲ್ಲ, ಎರಡೂ ತಂತಿಯ ಆಚೆ ಇದ್ದವು. ಗುಂಪು ಕಟ್ಟಿಕೊಂಡು ರಾತ್ರಿ ಹೊತ್ತು ತಂತಿ ಕತ್ತರಿಸತೊಡಗಿದರು. ಬೇಲಿ ಹಾಕಲು ಬೇಕಾದ ಇಕ್ಕಳ ಬೇಲಿ ಕೀಳಲೂ ಸಾಕು ನೋಡಿ! ಹೊಡೆದಾಟದಲ್ಲಿ ಹೆಣಗಳೂ ಬಿದ್ದವು.

ಗವರ್ನರ್ ಜಾನ್ ಐರ್ಲೆಂಡ್ 1884ರ ಜನವರಿಯಲ್ಲಿ ವಿಶೇಷ ಅಧಿವೇಶನ ಕರೆದು ಕಾನೂನು ಮಾಡಿಸಿದರು. ಬೇಲಿ ಕತ್ತರಿಸಿದರೆ 1ರಿಂದ 5 ವರ್ಷ ಜೈಲು. ಸರ್ಕಾರಿ ಜಾಗಕ್ಕೆ ಬೇಲಿ ಹಾಕಿದವರದ್ದು ಮಾತ್ರ ಸಣ್ಣ ಅಪರಾಧ, ತೆಗೆಯಲು 6 ತಿಂಗಳು ಗಡುವು ಬೇರೆ. ತಂತಿಗೆ ಸಿಕ್ಕ ರಕ್ಷಣೆ ನೀರಿನ ದಾರಿಗೆ ಸಿಗಲಿಲ್ಲ ಅಂತ ನನಗನ್ನಿಸುತ್ತೆ.

ಆದರೂ ಆ ಕಾನೂನಿನ ಒಂದು ಮಾತು ನನಗೆ ಹಿಡಿಸಿತು. ರಸ್ತೆಗೆ ಅಡ್ಡವಾಗಿ ಬೇಲಿ ಹಾಕುವವರು ಪ್ರತಿ 3 ಮೈಲಿಗೆ ಒಂದು ಗೇಟು ಬಿಡಲೇಬೇಕಿತ್ತು. ನಮ್ಮ ಮಲೆನಾಡಿನ ಹಿರಿಯರು ಯಾವ ಕಾನೂನೂ ಇಲ್ಲದೆ ಬೇಲಿಯ ನಡುವೆ ದಣಪೆ ಇಡುತ್ತಿದ್ದರು. ಓಡಾಡಲು ದಾರಿ ಬಿಟ್ಟ ಬೇಲಿಯನ್ನು ರಾತ್ರಿ ಬಂದು ಕತ್ತರಿಸುವವರು ಕಡಿಮೆ, ಅಲ್ಲವೇ?