ಯುದ್ಧಕಾಲದ ಶಿಶುವಿಹಾರಗಳು: ಅಮೆರಿಕ ತೆರೆದು ಮುಚ್ಚಿದ ಬಾಗಿಲು



ಗಂಡಹೆಂಡಿರಿಬ್ಬರೂ ದುಡಿಯುವ ಮನೆಯಲ್ಲಿ ಹಗಲು ಹೊತ್ತು ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಅಮೆರಿಕಕ್ಕೆ ಬಂದು ನೆಲೆಸಿದ ನಾವು ನಮ್ಮ ನಮ್ಮ ಮನೆಯ ಖಾಸಗಿ ಪ್ರಶ್ನೆಯೆಂದೇ ಭಾವಿಸಿಕೊಂಡು ಬಂದಿದ್ದೇವೆ. ಉತ್ತರವನ್ನೂ ಖಾಸಗಿಯಾಗಿಯೇ ಹುಡುಕಿಕೊಂಡಿದ್ದೇವೆ. ಬಾಣಂತನಕ್ಕೆಂದು ಬಂದ ಅಮ್ಮ ಆರು ತಿಂಗಳ ವೀಸಾ ಮುಗಿಸಿ ಹೊರಡುವ ವಾರಕ್ಕೆ ಸರಿಯಾಗಿ ಅತ್ತೆಮಾವಂದಿರು ಬಂದಿಳಿಯುವಂತೆ ಟಿಕೆಟ್ಟು ಕಾದಿರಿಸುವ ಲೆಕ್ಕಾಚಾರ ನಮ್ಮಲ್ಲಿ ಅನೇಕರಿಗೆ ಕರಗತವಾಗಿದೆ. ಅದೂ ಮುಗಿದ ಮೇಲೆ ಡೇ ಕೇರಿಗೆ ಮನೆಬಾಡಿಗೆಯಷ್ಟು ಹಣ ತೆರಬೇಕು, ಇಲ್ಲವೇ ಇಬ್ಬರಲ್ಲೊಬ್ಬರು ಕೆಲಸ ಬಿಡಬೇಕು. ಆ ಒಬ್ಬರು ಸಾಮಾನ್ಯವಾಗಿ ಯಾರೆಂಬುದನ್ನು ಈ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಪ್ರಶ್ನೆ ಇಲ್ಲಿ ಖಾಸಗಿಯಾಗಿ ಉಳಿದದ್ದು ತಾನೇ ತಾನಾಗಿ ಅಲ್ಲ. ಈ ದೇಶದ ಕೇಂದ್ರ ಸರ್ಕಾರ ಒಮ್ಮೆ ಸಾವಿರಾರು ಶಿಶುವಿಹಾರಗಳನ್ನು ತನ್ನ ಹಣದಿಂದ ತೆರೆಯಿಸಿ, ಮೂರು ವರ್ಷಗಳಲ್ಲಿ ತಾನೇ ಕೈಬಿಟ್ಟಿತು. ಕಾಲು ಶತಮಾನದ ಅನಂತರ ಮತ್ತೊಮ್ಮೆ ತೆರೆಯಲು ಹೊರಟಾಗ ಅಧ್ಯಕ್ಷರು ಅದನ್ನು ತಡೆದರು. ಈ ಎರಡು ಘಟನೆಗಳೇ ಇಂದಿನ ನಮ್ಮ ಉಪನ್ಯಾಸದ ವಸ್ತು.

ಸರ್ಕಾರದ ಮೊದಲ ಹೆಜ್ಜೆ ಕಂಡುಬರುವುದು 1933ರಲ್ಲಿ. ಮಹಾ ಆರ್ಥಿಕ ಕುಸಿತದ ಆ ದಿನಗಳಲ್ಲಿ ರೂಸ್‌ವೆಲ್ಟ್ ಆಡಳಿತವು ಬಡಮಕ್ಕಳಿಗಾಗಿ ತುರ್ತು ನರ್ಸರಿ ಶಾಲೆಗಳನ್ನು ತೆರೆಯಿತು. ಮಕ್ಕಳಿಗೆ ಊಟ, ವೈದ್ಯರ ತಪಾಸಣೆ ದೊರೆತವು, ನಿಜ. ಆದರೆ ಯೋಜನೆಯ ಒಂದು ಮುಖ್ಯ ಗುರಿ ನಿರುದ್ಯೋಗಿ ಉಪಾಧ್ಯಾಯರಿಗೆ, ದಾದಿಯರಿಗೆ, ಅಡುಗೆಯವರಿಗೆ ಸಂಬಳದ ಕೆಲಸ ಒದಗಿಸುವುದಾಗಿತ್ತು. ಮಗುವಿಗಾಗಿ ಎಂದು ಹೇಳಿ ಮತ್ತೇನನ್ನೋ ಸಾಧಿಸುವ ಈ ಪರಿಪಾಠ ಮುಂದೆಯೂ ಬಿಡದೆ ನಡೆದು ಬಂದಿತು.

ಎರಡನೆಯ ಮಹಾಯುದ್ಧ ಬಂದಾಗ ಗಂಡಸರು ರಣರಂಗಕ್ಕೆ ತೆರಳಿದರು. ಹೆಂಗಸರು ಕಾರ್ಖಾನೆಗಳಿಗೆ ಬಂದರು. 1940ರಲ್ಲಿ ದುಡಿಯುವವರಲ್ಲಿ ಶೇಕಡಾ 27ರಷ್ಟಿದ್ದ ಮಹಿಳೆಯರ ಪ್ರಮಾಣ 1945ರ ಹೊತ್ತಿಗೆ ಶೇಕಡಾ 37ಕ್ಕೆ ಸಮೀಪಿಸಿತು. ಅವರ ಮಕ್ಕಳ ಗತಿಯೇನು? ಕಾರ್ಖಾನೆಯ ಹೊರಗೆ ಬೀಗ ಹಾಕಿದ ಕಾರುಗಳಲ್ಲಿ ಮಕ್ಕಳು ಮಲಗಿದ್ದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅಷ್ಟಾದರೂ ಸರ್ಕಾರಕ್ಕೆ ಎರಡು ಮನಸ್ಸು. ಎಳೆಯ ಮಕ್ಕಳ ತಾಯಂದಿರಿಗೆ ಯುದ್ಧದಲ್ಲಿಯೂ ಶಾಂತಿಯಲ್ಲಿಯೂ ಮೊದಲ ಕರ್ತವ್ಯ ಮನೆಯೇ ಎಂಬುದು ಯುದ್ಧಕಾಲದ ಮಾನವಶಕ್ತಿ ಆಯೋಗ 1942ರಲ್ಲಿ ತಳೆದ ನಿಲುವಾಗಿತ್ತು. ಮಕ್ಕಳ ಕ್ಷೇಮಕ್ಕೆಂದೇ ಇದ್ದ ಚಿಲ್ಡ್ರನ್ಸ್ ಬ್ಯೂರೋ ಕೂಡ ಶಿಶುವಿಹಾರಗಳನ್ನು ಅನುಮಾನದಿಂದಲೇ ಕಾಣುತ್ತಿತ್ತು.

ದಾರಿ ತೆರೆದದ್ದು ಬೇರೊಂದು ಕಾನೂನಿನ ಹಿಂಬಾಗಿಲಿನಿಂದ. ಟೆಕ್ಸಾಸಿನ ಪ್ರತಿನಿಧಿ ಫ್ರಿಟ್ಜ್ ಲ್ಯಾನ್‌ಹಮ್ ಅವರ ಹೆಸರಿನಿಂದ ಪ್ರಸಿದ್ಧವಾದ 1940ರ ಶಾಸನವು ಯುದ್ಧೋದ್ಯಮ ಬೆಳೆದ ಊರುಗಳಲ್ಲಿ ವಸತಿ, ನೀರು, ಚರಂಡಿ ಮುಂತಾದ ಸೌಕರ್ಯಗಳಿಗೆ ಹಣ ಒದಗಿಸಲು ಬಂದದ್ದು. ಅದರಲ್ಲಿ ಶಿಶುವಿಹಾರದ ಮಾತೇ ಇರಲಿಲ್ಲ. ಶಿಶುವಿಹಾರವೂ ಸಾರ್ವಜನಿಕ ಸೌಕರ್ಯವೇ ಎಂದು ಅಧಿಕಾರಿಗಳು 1942ರಲ್ಲಿ ಅದನ್ನು ಅರ್ಥೈಸಿದರು. ಆ ಒಂದು ವ್ಯಾಖ್ಯಾನದ ಬಲದಿಂದ 1944ರ ಜುಲೈ ವೇಳೆಗೆ ಮೂರು ಸಾವಿರಕ್ಕೂ ಮಿಕ್ಕಿ ಕೇಂದ್ರಗಳು ನಡೆಯುತ್ತಿದ್ದು, ಅವುಗಳಲ್ಲಿ ಸುಮಾರು 1 ಲಕ್ಷ 30 ಸಾವಿರ ಮಕ್ಕಳಿದ್ದರು. ನ್ಯೂ ಮೆಕ್ಸಿಕೊ ಒಂದನ್ನು ಬಿಟ್ಟು ಉಳಿದೆಲ್ಲ ರಾಜ್ಯಗಳಲ್ಲಿಯೂ ಇವು ಇದ್ದವು. ಎರಡರಿಂದ ಐದು ವರ್ಷದ ಮಗುವಿಗೆ ದಿನಕ್ಕೆ 50 ಸೆಂಟು ಶುಲ್ಕ. ಮುಂದೆ ಅದು 75 ಸೆಂಟಾಯಿತು. ಇದಕ್ಕಿಂತ ದೊಡ್ಡ ವಿಶೇಷವೆಂದರೆ, ಸೇರಿಸಿಕೊಳ್ಳುವಾಗ ಮನೆಯವರ ವರಮಾನವೆಷ್ಟು ಎಂದು ಕೇಳುತ್ತಿರಲಿಲ್ಲ. ಬಡವರಿಗಾಗಿ ಧರ್ಮ ಎಂಬ ಕಳಂಕವಿಲ್ಲದೆ, ದುಡಿಯುವ ತಾಯಿಯ ಮಗುವಿಗೆ ಹಕ್ಕಿನಂತೆ ದೊರೆತ ವ್ಯವಸ್ಥೆ ಅದು.

ಎಲ್ಲವೂ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಕೆಲವು ಕೇಂದ್ರಗಳು ಕಾರ್ಖಾನೆಯಿಂದ ದೂರವಿದ್ದವು, ಕೆಲವುಗಳಲ್ಲಿ ಮಕ್ಕಳು ಕಿಕ್ಕಿರಿದಿದ್ದರು, ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಕೇಂದ್ರಗಳಿದ್ದವು. ಅನೇಕ ತಾಯಂದಿರು ಅಪರಿಚಿತರಲ್ಲಿ ಮಗುವನ್ನು ಬಿಡಲು ಹಿಂಜರಿದು ಅಜ್ಜಿಯನ್ನೋ ನೆರೆಮನೆಯವರನ್ನೋ ನೆಚ್ಚಿಕೊಂಡರು. ಅಜ್ಜಿಯ ಮೇಲಿನ ಭರವಸೆ ಕೇವಲ ನಮ್ಮವರ ಗುಣವೆಂದು ತಿಳಿದವರು ಇದನ್ನು ಗಮನಿಸಬೇಕು.

ಇವೆಲ್ಲಕ್ಕೂ ಕಳಶಪ್ರಾಯವಾಗಿದ್ದವು ಆರೆಗಾನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಕೈಸರ್ ಕಂಪನಿಯ ಹಡಗು ಕಾರ್ಖಾನೆಗಳ ಬಾಗಿಲಲ್ಲೇ ಕಟ್ಟಿದ ಎರಡು ಶಿಶುವಿಹಾರಗಳು. ಇವು ಲ್ಯಾನ್‌ಹಮ್ ಹಣದಿಂದ ಬಂದವಲ್ಲ. ಅಧ್ಯಕ್ಷರ ಪತ್ನಿ ಎಲಿನರ್ ರೂಸ್‌ವೆಲ್ಟ್ ಅವರ ಒತ್ತಾಸೆಯಿಂದ, ಕಡಲಸಾರಿಗೆ ಆಯೋಗದ ಹಣದಿಂದ ಸಿದ್ಧವಾಗಿ 1943ರ ನವೆಂಬರಿನಲ್ಲಿ ಬಾಗಿಲು ತೆರೆದವು. ಮಕ್ಕಳ ಮನೋವಿಕಾಸವನ್ನು ಅಭ್ಯಾಸ ಮಾಡಿದ್ದ ಲೋಯಿಸ್ ಮೀಕ್ ಸ್ಟೋಲ್ಜ್ ನಿರ್ದೇಶಕಿ. ಜೇಮ್ಸ್ ಹೈಮ್ಸ್ ಅಲ್ಲಿಯೇ ಇದ್ದು ದಿನನಿತ್ಯದ ಆಡಳಿತ ನಡೆಸಿದರು. ಕಟ್ಟಡ ಬಂಡಿಯ ಗಾಲಿಯಂತೆ ದುಂಡಗಿತ್ತು. ನಡುವೆ ಆಟದ ಅಂಗಳ, ಸುತ್ತಲೂ 15 ಕೋಣೆಗಳು. ಅಮ್ಮ ಕೆಲಸ ಮಾಡುವ ಹಡಗು ಮಕ್ಕಳಿಗೆ ಕಾಣಲೆಂದು ಹೊರಗೋಡೆಗೆ ಕಿಟಕಿಗಳನ್ನಿಟ್ಟಿದ್ದರು.

ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಿಗೆ ಹಗಲುರಾತ್ರಿಯೆನ್ನದೆ ಪ್ರವೇಶವಿತ್ತು. ರಾತ್ರಿ ಪಾಳಿಯ ತಾಯಂದಿರ ಮಕ್ಕಳು ಅಲ್ಲಿಯೇ ಮಲಗುತ್ತಿದ್ದರು. ನೆಗಡಿ ಜ್ವರ ಬಂದ ಮಗುವನ್ನು ಮನೆಗಟ್ಟದೆ ಪ್ರತ್ಯೇಕ ಕೋಣೆಯಲ್ಲಿ ದಾದಿಯರು ನೋಡಿಕೊಳ್ಳುತ್ತಿದ್ದರು. ಮಗುವಿಗೆ ಮೈ ಬೆಚ್ಚಗಾಯಿತೆಂದು ಡೇ ಕೇರಿನಿಂದ ಫೋನು ಬಂದಾಗ ಆಫೀಸಿನಲ್ಲಿ ರಜೆ ಬೇಡುವ ತಂದೆತಾಯಂದಿರಿಗೆ ಇದರ ಬೆಲೆ ತಿಳಿದೀತು. ಸಂಜೆ ಮಗುವನ್ನು ಕರೆದುಕೊಂಡು ಹೋಗುವಾಗ ಮನೆಮಂದಿಗೆ ಬೇಕಾದ ಅಡುಗೆಯನ್ನೂ ಕಟ್ಟಿಸಿಕೊಂಡು ಹೋಗಬಹುದಾಗಿತ್ತು. ಮುಂಚೆಯೇ ಹೇಳಿಟ್ಟರೆ ಸಾಕು. ಆಹಾರತಜ್ಞೆ ಮಿರಿಯಂ ಲೋವನ್‌ಬರ್ಗ್ ಆ ಅಡುಗೆಮನೆಯ ಉಸ್ತುವಾರಿ ವಹಿಸಿದ್ದರು. ವಾರದ ಆರು ದಿನಕ್ಕೆ ಮೊದಲ ಮಗುವಿಗೆ 5 ಡಾಲರು, ಎರಡನೆಯದಕ್ಕೆ 3 ಡಾಲರು 75 ಸೆಂಟು. ನಿಜವಾದ ಖರ್ಚು ಇದಕ್ಕಿಂತ ಬಹಳ ಹೆಚ್ಚಾಗುತ್ತಿತ್ತು. ಉಳಿದ ಖರ್ಚು ಎಲ್ಲಿಗೆ ಹೋಯಿತು? ಹಡಗಿನ ಬೆಲೆಗೇ ಸೇರಿತು. ಉಕ್ಕು, ಬಣ್ಣ, ವೆಲ್ಡಿಂಗ್ ಕೂಲಿಗಳಂತೆ ಮಗುವಿನ ಪಾಲನೆಯೂ ಹಡಗು ಕಟ್ಟುವ ಖರ್ಚೇ ಎಂದು ಸರ್ಕಾರ ಲೆಕ್ಕ ಬರೆದುಕೊಂಡಿತು. ನಮಗಂತೂ ಈ ಇಡೀ ಚರಿತ್ರೆಯಲ್ಲಿ ಅತ್ಯಂತ ಪ್ರಾಮಾಣಿಕವಾದ ಲೆಕ್ಕ ಇದೇ ಎನಿಸಿದೆ. ತಾಯಿ ಕೆಲಸಕ್ಕೆ ಬರಬೇಕಾದರೆ ಮಗು ಎಲ್ಲಿಯೋ ಇರಲೇಬೇಕು. ಆ ಖರ್ಚನ್ನು ಆಕೆಯ ಸಂಬಳದಿಂದ ಕಳೆಯುವುದಕ್ಕೂ ಆಕೆ ತಯಾರಿಸಿದ ವಸ್ತುವಿನ ಬೆಲೆಗೆ ಕೂಡಿಸುವುದಕ್ಕೂ ಬಹಳ ಅಂತರವಿದೆ.

ಸುಮಾರು ನಾಲ್ಕು ಸಾವಿರ ಮಕ್ಕಳನ್ನು ಪಾಲಿಸಿದ ಆ ಎರಡು ಕೇಂದ್ರಗಳು 1945ರ ಸೆಪ್ಟೆಂಬರಿನಲ್ಲಿ ಮುಚ್ಚಿದವು. ಜಪಾನು ಶರಣಾದ ತಿಂಗಳಿನಲ್ಲಿಯೇ ಲ್ಯಾನ್‌ಹಮ್ ಕೇಂದ್ರಗಳಿಗೂ ಹಣ ನಿಲ್ಲುವುದೆಂದು ಪ್ರಕಟಣೆ ಹೊರಟಿತು. ಯುದ್ಧ ಮುಗಿದರೂ ತಾಯಂದಿರ ಅಗತ್ಯ ಮುಗಿದಿರಲಿಲ್ಲ. ಗಂಡನನ್ನು ಕಳೆದುಕೊಂಡವರಿದ್ದರು, ಗಾಯಗೊಂಡು ಮರಳಿದ ಗಂಡನನ್ನು ಸಾಕುತ್ತಿದ್ದವರಿದ್ದರು. ಅವರ ಪತ್ರಗಳು, ತಂತಿಗಳು, ಮನವಿಗಳು ವಾಷಿಂಗ್ಟನ್ನಿಗೆ ಹರಿದುಬಂದವು. ಅಧ್ಯಕ್ಷ ಟ್ರೂಮನ್ 1946ರ ಫೆಬ್ರವರಿ ಕೊನೆಯವರೆಗೆ ಗಡುವು ಮುಂದೂಡಿಸಿದರು. ಅಲ್ಲಿಗೆ ಮುಗಿಯಿತು. ಕ್ಯಾಲಿಫೋರ್ನಿಯ ಮಾತ್ರ ತನ್ನ ಬೊಕ್ಕಸದಿಂದ ಹಣ ಕೊಟ್ಟು ವರ್ಷ ವರ್ಷವೂ ಮುಂದುವರಿಸುತ್ತ ಬಂದು, 1957ರಲ್ಲಿ ವ್ಯವಸ್ಥೆಯನ್ನು ಕಾಯಂಗೊಳಿಸಿತು. ಬೀದಿಗಿಳಿದು, ಶಾಸನಸಭೆಯ ಮೆಟ್ಟಿಲು ಹತ್ತಿ ಬಿಡದೆ ಕೇಳಿದ ಅಲ್ಲಿಯ ತಾಯಂದಿರಿಗೂ ಉಪಾಧ್ಯಾಯಿನಿಯರಿಗೂ ಇದರ ಶ್ರೇಯಸ್ಸು ಸಲ್ಲಬೇಕು.

ಆ ಮಕ್ಕಳು ಮುಂದೆ ಏನಾದರು? ಅರ್ಥಶಾಸ್ತ್ರಜ್ಞ ಕ್ರಿಸ್ ಹರ್ಬ್‌ಸ್ಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾನ್‌ಹಮ್ ಹಣ ಹೆಚ್ಚಾಗಿ ದೊರೆತ ರಾಜ್ಯಗಳ ಮಕ್ಕಳು ದೊಡ್ಡವರಾದ ಮೇಲೆ ಉದ್ಯೋಗ, ಸಂಪಾದನೆಗಳಲ್ಲಿ ಉತ್ತಮ ಸ್ಥಿತಿಯಲ್ಲಿದ್ದುದನ್ನೂ, ಬಡ ಮನೆಗಳ ಮಕ್ಕಳಿಗೇ ಹೆಚ್ಚಿನ ಲಾಭವಾದುದನ್ನೂ ತೋರಿಸಿದ್ದಾರೆ. ಬಾಗಿಲು ಮುಚ್ಚಿ ಎಪ್ಪತ್ತು ವರ್ಷಗಳಾದ ಮೇಲೆ ಬಂದ ಪ್ರಶಸ್ತಿಪತ್ರ!

ಇನ್ನು ಎರಡನೆಯ ಘಟನೆ. 1965ರ ವಲಸೆ ಶಾಸನದಿಂದಾಗಿ ನಮ್ಮವರು ಈ ದೇಶಕ್ಕೆ ಬರತೊಡಗಿ, ಮೊದಲ ಸಂಸಾರಗಳು ನೆಲೆಯೂರುತ್ತಿದ್ದ ಕಾಲದಲ್ಲಿಯೇ ಇದು ನಡೆಯಿತು. ಸೆನೆಟರ್ ವಾಲ್ಟರ್ ಮಾಂಡೇಲ್ ಮತ್ತು ಪ್ರತಿನಿಧಿ ಜಾನ್ ಬ್ರೇಡಮಸ್ 1971ರಲ್ಲಿ ಸಮಗ್ರ ಶಿಶುವಿಕಾಸ ಮಸೂದೆಯನ್ನು ಮಂಡಿಸಿದರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಮೇರಿಯನ್ ರೈಟ್ ಎಡಲ್‌ಮನ್ ಕಾರ್ಮಿಕ ಸಂಘಗಳನ್ನೂ ಮಹಿಳಾ ಸಂಘಗಳನ್ನೂ ಅದರ ಹಿಂದೆ ಒಗ್ಗೂಡಿಸಿದ್ದರು. ನಾಲ್ವರ ಸಂಸಾರಕ್ಕೆ ವರ್ಷಕ್ಕೆ 4,320 ಡಾಲರಿಗಿಂತ ಕಡಿಮೆ ವರಮಾನವಿದ್ದರೆ ಉಚಿತ. ಅದಕ್ಕಿಂತ ಮೇಲಿನವರಿಗೆ ವರಮಾನಕ್ಕೆ ತಕ್ಕ ಶುಲ್ಕ. ಯುದ್ಧಕ್ಕಾಗಿ ಅಲ್ಲ, ಉಪಾಧ್ಯಾಯರ ಕೆಲಸಕ್ಕಾಗಿ ಅಲ್ಲ, ಮಗುವಿಗಾಗಿಯೇ ಸಿದ್ಧವಾದ ಯೋಜನೆ ಅದು. ಸೆನೆಟ್ ಅದನ್ನು 63ಕ್ಕೆ 17 ಮತಗಳಿಂದ ಅಂಗೀಕರಿಸಿತು.

ಅಧ್ಯಕ್ಷ ನಿಕ್ಸನ್ ಡಿಸೆಂಬರ್ 9ರಂದು ವೀಟೊ ಚಲಾಯಿಸಿದರು. ಖರ್ಚು ಹೆಚ್ಚು, ಆಡಳಿತ ಕಷ್ಟ ಎಂಬ ಕಾರಣಗಳಿದ್ದರೆ ತಿದ್ದುಪಡಿ ಮಾಡಿ ಮತ್ತೆ ತರಬಹುದಿತ್ತು. ಆದರೆ ಪ್ಯಾಟ್ ಬ್ಯೂಕ್ಯಾನನ್ ಕೈವಾಡವಿದ್ದ ಆ ಸಂದೇಶವು, ಇದು ಕುಟುಂಬದ ಬದಲು ಸಮುದಾಯವೇ ಮಕ್ಕಳನ್ನು ಬೆಳೆಸುವ ಪದ್ಧತಿಗೆ ಸರ್ಕಾರದ ನೈತಿಕ ಬಲ ಕೊಟ್ಟಂತೆ ಎಂದು ದೂಷಿಸಿತು. ನಿಕ್ಸನ್ ಚೀನಾ ಪ್ರವಾಸಕ್ಕೆ ಸಿದ್ಧರಾಗುತ್ತಿದ್ದು, ಅದರಿಂದ ಸಿಟ್ಟಾಗಿದ್ದ ಸ್ವಪಕ್ಷದ ಸಂಪ್ರದಾಯವಾದಿಗಳನ್ನು ಸಮಾಧಾನಪಡಿಸಲು ಈ ಮಾತು ಬೇಕಾಗಿತ್ತೆಂದು ಇತಿಹಾಸಕಾರರು ಹೇಳುತ್ತಾರೆ. ವೀಟೊವನ್ನು ಮೀರಲು ನಡೆದ ಮತದಾನದಲ್ಲಿ 51 ಪರ, 36 ವಿರೋಧ. ಮೂರನೆಯ ಎರಡು ಭಾಗ ದೊರೆಯಲಿಲ್ಲ. ವಿಚಿತ್ರವೆಂದರೆ ಮರುದಿನವೇ ನಿಕ್ಸನ್ ಅಂಕಿತ ಹಾಕಿದ ತೆರಿಗೆ ಶಾಸನದಲ್ಲಿ ಮಕ್ಕಳ ಪಾಲನೆಗೆ ಖರ್ಚು ಮಾಡಿದವರಿಗೆ ಹೆಚ್ಚಿನ ತೆರಿಗೆ ವಿನಾಯಿತಿ ಇತ್ತು. ಶಿಶುವಿಹಾರ ಕಟ್ಟುವುದು ಕುಟುಂಬದ್ರೋಹ, ಶಿಶುವಿಹಾರದ ರಸೀತಿಗೆ ರಿಯಾಯಿತಿ ಕೊಡುವುದು ಕುಟುಂಬಪ್ರೇಮ! ಅಂದಿನಿಂದ ನಾವು ಏಪ್ರಿಲ್ ತಿಂಗಳ ತೆರಿಗೆಪತ್ರಗಳಲ್ಲಿ ತುಂಬಿಕೊಂಡು ಬಂದಿರುವುದು ಈ ಎರಡನೆಯ ದಾರಿಯ ಅಂಕಣಗಳನ್ನೇ.

ಇಲ್ಲಿ ನಮ್ಮ ನಾಡಿನ ಕಡೆಗೊಮ್ಮೆ ನೋಡಬಹುದು. ವೀಟೊ ಆಗಿ ನಾಲ್ಕು ವರ್ಷಗಳಿಗೆ, 1975ರ ಅಕ್ಟೋಬರ್ 2ರಂದು, ಭಾರತದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಊರಿಗೆ ಹೋದಾಗ ನಾವು ಕಾಣುವ ಅಂಗನವಾಡಿಗಳ ಮೂಲ ಅದು. ಅಂಗನವಾಡಿ ಪೌಷ್ಟಿಕ ಆಹಾರ, ಚುಚ್ಚುಮದ್ದು, ಅಕ್ಷರಾಭ್ಯಾಸಗಳಿಗೆ ಹುಟ್ಟಿದ್ದು. ಸಂಜೆಯವರೆಗೆ ಹೊಲದಲ್ಲೋ ಗಾರ್ಮೆಂಟ್ಸ್ ಕಾರ್ಖಾನೆಯಲ್ಲೋ ದುಡಿಯುವ ತಾಯಿಯ ಹೊತ್ತಿಗೆ ಅದು ಹೊಂದುತ್ತಿರಲಿಲ್ಲ. ಕರ್ನಾಟಕ ಸರ್ಕಾರ ಉದ್ಯೋಗ ಖಾತ್ರಿ ಕೆಲಸಗಾರರ ಮಕ್ಕಳಿಗಾಗಿ 2023ರಲ್ಲಿ ‘ಕೂಸಿನ ಮನೆ’ಗಳನ್ನು ಘೋಷಿಸಿದ್ದು ಈ ಕೊರತೆಯನ್ನು ತುಂಬಲೆಂದೇ. ಹೆಸರಂತೂ ಸೊಗಸಾಗಿದೆ.

ಅಮೆರಿಕದ ಮುಂದಿನ ಕಥೆ ತುಣುಕುಗಳ ಕಥೆ. 1990ರಲ್ಲಿ ಬಡ ಕುಟುಂಬಗಳಿಗಾಗಿ ರಾಜ್ಯಗಳಿಗೆ ಅನುದಾನ. 2021ರಲ್ಲಿ ಕೋವಿಡ್ ಪಿಡುಗಿನಿಂದ ಕಂಗೆಟ್ಟ ಶಿಶುವಿಹಾರಗಳನ್ನು ಉಳಿಸಲು 2,400 ಕೋಟಿ ಡಾಲರು, 2023ರ ಸೆಪ್ಟೆಂಬರ್ 30ಕ್ಕೆ ಅದೂ ಕೊನೆ. ಈ ನಡುವೆ ಗಮನಾರ್ಹವಾದದ್ದು 1989ರ ಸೈನಿಕ ಶಿಶುಪಾಲನಾ ಶಾಸನ. ಸೈನಿಕರ ಮಕ್ಕಳಿಗೆ ವರಮಾನಕ್ಕೆ ತಕ್ಕ ಶುಲ್ಕ, ಕಟ್ಟುನಿಟ್ಟಿನ ತಪಾಸಣೆ, ಪಾಲಕಿಯರಿಗೆ ತರಬೇತಿಯೂ ಉತ್ತಮ ಸಂಬಳವೂ ಅದರಿಂದ ದೊರೆತವು. ಅಂದರೆ 1971ರಲ್ಲಿ ಅಸಾಧ್ಯವೆನಿಸಿದ್ದು ಸೇನೆಯ ಆವರಣದೊಳಗೆ ಸಾಧ್ಯವಾಯಿತು.

ಸರ್ಕಾರದ ಹಣವಿಲ್ಲದೆ ಇದು ಏಕೆ ಆಗದು ಎಂದು ನಮ್ಮಲ್ಲಿಯ ವ್ಯಾಪಾರಬಲ್ಲವರು ಕೇಳುತ್ತಾರೆ. ಲೆಕ್ಕ ಸರಳವಾಗಿದೆ. ಕ್ಯಾಲಿಫೋರ್ನಿಯ, ನ್ಯೂಯಾರ್ಕುಗಳಂತಹ ರಾಜ್ಯಗಳ ನಿಯಮದಂತೆ ನಾಲ್ಕು ಹಸುಗೂಸುಗಳಿಗೆ ಒಬ್ಬ ಪಾಲಕಿ ಇರಲೇಬೇಕು. ಯಂತ್ರ ತಂದು ಒಬ್ಬಳಿಂದ ನಲವತ್ತು ಮಕ್ಕಳನ್ನು ನೋಡಿಸಲಾಗದು. ಆಕೆಯ ಸಂಬಳ, ಬಾಡಿಗೆ, ವಿಮೆ ಎಲ್ಲವೂ ಆ ನಾಲ್ಕು ಮನೆಗಳಿಂದಲೇ ಹುಟ್ಟಬೇಕು. ಆದ್ದರಿಂದ ತಂದೆತಾಯಂದಿರಿಗೆ ಶುಲ್ಕ ಭಾರವಾಗಿರುವಾಗಲೇ ಪಾಲಕಿಗೆ 2024ರಲ್ಲಿ ದೊರೆತದ್ದು ಗಂಟೆಗೆ ಸುಮಾರು 15 ಡಾಲರು. ಆ ಪಾಲಕಿಯರಲ್ಲಿ ನಮ್ಮಂತೆ ವಲಸೆ ಬಂದ ಹೆಂಗಸರೂ ಅನೇಕರಿದ್ದಾರೆ. ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಎಚ್-4 ವೀಸಾದಲ್ಲಿ ದುಡಿಯಲು ಅನುಮತಿಯಿಲ್ಲದೆ ಮನೆಯಲ್ಲಿದ್ದು, 2015ರ ನಿಯಮದಿಂದ ಕೆಲವರಿಗೆ ಅನುಮತಿ ದೊರೆತಾಗ ಮೊದಲು ಎದುರಾದದ್ದು ಈ ಲೆಕ್ಕವೇ: ಸಂಬಳ ಬಂದರೂ ಡೇ ಕೇರಿಗೇ ಸರಿಹೋಗುತ್ತದಲ್ಲ?

ನ್ಯೂ ಮೆಕ್ಸಿಕೊ ರಾಜ್ಯದ ಮತದಾರರು 2022ರ ನವೆಂಬರಿನಲ್ಲಿ, ತೈಲ ಮತ್ತು ಅನಿಲದ ಆದಾಯದಿಂದ ಬೆಳೆದ ತಮ್ಮ ಶಾಶ್ವತ ನಿಧಿಯ ಒಂದು ಪಾಲನ್ನು ಎಳೆಯ ಮಕ್ಕಳಿಗೆ ಮೀಸಲಿಡಲು ಒಪ್ಪಿದರು. 2025ರ ನವೆಂಬರ್ 1ರಂದು ಆ ರಾಜ್ಯವು ವರಮಾನದ ಮಿತಿಯನ್ನೇ ತೆಗೆದುಹಾಕಿ, ದುಡಿಯುವ ಕುಟುಂಬಗಳಿಗೆಲ್ಲ ಶುಲ್ಕವಿಲ್ಲದ ಶಿಶುಪಾಲನೆಯನ್ನು ಆರಂಭಿಸಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಯುದ್ಧಕಾಲದಲ್ಲಿ ಲ್ಯಾನ್‌ಹಮ್ ಶಿಶುವಿಹಾರ ಒಂದೂ ಇಲ್ಲದಿದ್ದ ರಾಜ್ಯವೂ ಅದೇ. ಹೊಸ ಪಾಲಕಿಯರಿಗೆ ಗಂಟೆಗೆ ಕನಿಷ್ಠ 18 ಡಾಲರು ಕೊಡುವ ಕೇಂದ್ರಗಳಿಗೆ ಹೆಚ್ಚಿನ ಅನುದಾನವೆಂದೂ ಸಾರಿತು. ಈ ವ್ಯವಸ್ಥೆ ಪೂರ್ಣವಾಗಿ ನಡೆಯಲು ಇನ್ನೂ ಐದು ಸಾವಿರ ಮಂದಿ ಪಾಲಕರು ಬೇಕಾಗುತ್ತಾರೆಂದು ಆರಂಭದಲ್ಲಿ ಆ ಸರ್ಕಾರವೇ ಅಂದಾಜು ಮಾಡಿತ್ತು.