ಶಾಸನವಿಲ್ಲದವರ ಶಾಸಕ

ನಮ್ಮ ಡಂಬಳದ 1095ರ ಶಾಸನವನ್ನು ತಾವು ಬಲ್ಲಿರಿ. ಬೌದ್ಧ ವಿಹಾರಕ್ಕೆ ವರ್ತಕರು ಸಲ್ಲಿಸಿದ ದಾನ ಅದರಲ್ಲಿ ಉಕ್ತವಾಗಿದೆ. ದಾನಿಗಳ ಸ್ಮರಣೆಯನ್ನು ಶಿಲೆ ಕಾಪಾಡಿತು. ಆದರೆ ಶಾಸನ ಬರೆಯಿಸುವ ಶಕ್ತಿಯೇ ಇಲ್ಲದವರ ಚರಿತ್ರೆಯನ್ನು ಎಲ್ಲಿ ಅರಸಬೇಕು? ಇಲ್ಲಿಂದ ಪಶ್ಚಿಮಕ್ಕೆ, ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಕಾಡಿನಂಚಿನಲ್ಲಿ ಬಾಳುವ ಸಿದ್ದಿಗಳು ಅಂಥವರು.

ಅವರ ಪೂರ್ವಜರು ಆಫ್ರಿಕ ಖಂಡದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ಬಂಧನ ಹರಿದುಕೊಂಡು ಘಟ್ಟದ ಅಡವಿಯನ್ನು ಸೇರಿದರು. ಇಂದು ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು 2003ರಲ್ಲಿ. ಸಂವಿಧಾನ ಜಾರಿಗೆ ಬಂದು 53 ವರ್ಷಗಳಾದ ಮೇಲೆ!

ಇದೇ ಸಮುದಾಯದ ಶಾಂತಾರಾಮ ಸಿದ್ದಿಯವರು ತಮ್ಮವರಲ್ಲಿ ಮೊದಲ ಪದವೀಧರರೆಂದು ಹೆಸರಾದವರು. ವನವಾಸಿ ಕಲ್ಯಾಣದ ಕಾರ್ಯಕರ್ತರಾಗಿ ಕಾಡಿನ ಜನರ ನಡುವೆ ದುಡಿದವರು. 2020ರ ಜುಲೈ ತಿಂಗಳಲ್ಲಿ ರಾಜ್ಯಪಾಲರು ಅವರನ್ನು ವಿಧಾನ ಪರಿಷತ್ತಿಗೆ ನಾಮಕರಣ ಮಾಡಿದರು. ಕರ್ನಾಟಕದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿ ಅವರೇ.

ಇಲ್ಲಿ ವಿಚಾರವಂತರು ಒಂದು ಅಂಶವನ್ನು ಗಮನಿಸಬೇಕು. ಸಮಾಜಸೇವೆ ಮೊದಲಾದ ಕ್ಷೇತ್ರಗಳ ಅನುಭವಿಗಳನ್ನು ನಾಮಕರಣ ಮಾಡಲು ಸಂವಿಧಾನದ 171ನೆಯ ವಿಧಿ ಅವಕಾಶವಿತ್ತಿದೆ. ಅದು ಸ್ತುತ್ಯವೇ. ಆದರೆ ಹಲವು ತಾಲೂಕುಗಳಲ್ಲಿ ಚದುರಿಹೋದ ಅಲ್ಪಸಂಖ್ಯೆಯ ಜನರು ತಮ್ಮ ಮತಗಳಿಂದಲೇ ಚುನಾವಣೆಯಲ್ಲಿ ಗೆಲ್ಲುವುದು ದುಸ್ಸಾಧ್ಯ. ನೆರೆಯವರು ನಂಬಿ ಮತ ನೀಡಿದರೆ ಮಾತ್ರ ಅದು ಸಾಧ್ಯ. ರಾಜ್ಯಪಾಲರ ಅಂಕಿತದಿಂದ ಒಮ್ಮೆ ತೆರೆದ ಬಾಗಿಲನ್ನು ಇನ್ನು ಮುಂದೆ ತೆರೆಯಬೇಕಾದವರು ನೆರೆಹೊರೆಯವರಾದ ನಾವೇ. ನಾಲ್ಕು ಶತಮಾನಗಳ ನೆರೆಹೊರೆಗೆ ನಾವು ಸಲ್ಲಿಸಬೇಕಾದ ಋಣ ಅಷ್ಟಾದರೂ ಇದೆಯಲ್ಲವೇ?